ಮದುವಣಗಿತ್ತಿಯ ಉಡುಗೆ: ಬೀದಿಯಿಂದ ಪೀಠದವರೆಗೆ

ಪಾಸ್ಖ ಹಬ್ಬ ಕಳೆದ ವಾರ ಸಾಗರದಿಂದ ವರದಹಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟಗಳ ನಡುವೆ ಇರುವ ಪರಿಚಿತರ ಮನೆಯೊಂದಕ್ಕೆ ಹೋಗಿದ್ದೆ. ಮನೆಯ ಹಿರಿಯ ಮಗಳ ಮದುವೆ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಜಗಲಿಯ ಮೇಲೆ ಹಳೆಯ ಟ್ರಂಕೊಂದನ್ನು ತೆರೆದಿಟ್ಟು ಮೂರು ತಲೆಮಾರಿನ ಹೆಂಗಸರು ಸುತ್ತ ಕುಳಿತಿದ್ದರು. ಅಜ್ಜಿಯ ಕೈಯಲ್ಲಿ ಮಡಿಕೆಗಳಲ್ಲಿ ಸೀಳಿದ್ದ ಕೆಂಪು ರೇಷ್ಮೆ ಸೀರೆ. ತಾಯಿಯ ಮಡಿಲಲ್ಲಿ ಬಿಳಿಯ ಗೌನು. ಅದರ ಲೇಸು ಹಳದಿಗೆ ತಿರುಗಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗಳು ತನ್ನ ಚೀಲದಿಂದ ಹೊರತೆಗೆದದ್ದು ಹೆಗ್ಗೋಡಿನ ಕಡೆಯ ಕೈಮಗ್ಗದ ಹತ್ತಿ ಸೀರೆಯನ್ನು ಮತ್ತು ಒಂದು ಜೊತೆ ಬಿಳಿಯ ಕ್ಯಾನ್ವಾಸ್ ಬೂಟನ್ನು.

"ಇದು ಪೇಟೆಗೆ ಹೋಗುವಾಗ ಉಡುವ ಸೀರೆ ಮಗಳೇ, ಪೀಠದ ಮುಂದೆ ನಿಲ್ಲುವಾಗ ಉಡುವುದಲ್ಲ. ಜನ ಏನೆಂದಾರು?" ಎಂದರು ತಾಯಿ.

"ಒಂದು ದಿನ ಹಾಕಿ ಪೆಟ್ಟಿಗೆಯಲ್ಲಿಡುವ ಗೌನಿಗಾಗಿ ಅಪ್ಪ ಸಹಕಾರ ಸಂಘದಲ್ಲಿ ಸಾಲ ತೆಗೆಯಬೇಕೇ ಅಮ್ಮ?" ಎಂದಳು ಮಗಳು.

ತಾಯಿ ನನ್ನತ್ತ ತಿರುಗಿ, "ನೀವೇ ಹೇಳಿ, ನಮ್ಮ ಸಂಪ್ರದಾಯ ಯಾವುದು?" ಎಂದು ಕೇಳಿದರು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಇತಿಹಾಸದ ಪುಟಗಳನ್ನು ತಿರುವಿದಾಗ ಕಂಡುಬಂದ ಸಂಗತಿಗಳನ್ನು ಪ್ರಿಯ ಓದುಗರ ಮುಂದಿಡುತ್ತಿದ್ದೇನೆ. ಈ ತಿಂಗಳುಗಳಲ್ಲಿ ಇಂಥ ಮಾತು ಅನೇಕ ಕುಟುಂಬಗಳಲ್ಲಿ ನಡೆಯುತ್ತಿರುತ್ತದೆ ಎಂಬುದನ್ನು ನಾನು ಬಲ್ಲೆ.

ಬಿಳಿಯ ಗೌನಿನ ವಯಸ್ಸು

ಕ್ರೈಸ್ತ ವಧು ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬಿಳಿಯ ಗೌನು. ಅದು ಧರ್ಮಸಭೆಯಷ್ಟೇ ಹಳೆಯದೆಂದು ನಂಬಿರುವವರು ಬಹಳ. ಆದರೆ ಯೂರೋಪಿನಲ್ಲಿ ಬಹುಕಾಲ ಮದುವಣಗಿತ್ತಿಯರು ತಮ್ಮಲ್ಲಿದ್ದ ಬಟ್ಟೆಗಳಲ್ಲೇ ಉತ್ತಮವಾದುದನ್ನು ಧರಿಸುತ್ತಿದ್ದರು. ಅದು ನೀಲಿಯಾಗಿರಬಹುದು, ಕಂದಾಗಿರಬಹುದು, ಕಪ್ಪೂ ಆಗಿರಬಹುದು. ಮದುವೆಯ ನಂತರ ಅದೇ ಉಡುಪಿನಲ್ಲಿ ಆಕೆ ಭಾನುವಾರದ ಬಲಿಪೂಜೆಗೂ ಸಂತೆಗೂ ಹೋಗುತ್ತಿದ್ದಳು.

1840ರ ಫೆಬ್ರವರಿ 10ರಂದು ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಆಲ್ಬರ್ಟ್ ರಾಜಕುಮಾರನನ್ನು ವರಿಸಿದಳು. ಅಂದು ಆಕೆ ಬಿಳಿಯ ಸ್ಯಾಟಿನ್ ಉಡುಪು ತೊಟ್ಟು, ಡೆವನ್ ಪ್ರಾಂತ್ಯದಲ್ಲಿ ಕೈಯಿಂದ ಹೆಣೆದ ಹಾನಿಟನ್ ಲೇಸನ್ನು ಧರಿಸಿದ್ದಳು. ಯಂತ್ರದ ಲೇಸು ಬಂದು ಕೈಕಸುಬಿನ ಹೆಂಗಸರು ಕೆಲಸ ಕಳೆದುಕೊಳ್ಳುತ್ತಿದ್ದ ಕಾಲವದು. ರಾಣಿಯ ಲೇಸಿನ ಕೆಲಸ ಸಮುದ್ರತೀರದ ಬಡ ಹಳ್ಳಿಯೊಂದರ ಹೆಂಗಸರಿಗೆ ತಿಂಗಳುಗಟ್ಟಲೆ ಅನ್ನ ನೀಡಿತು. ಆ ಮದುವೆಯ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗಿ ಎಲ್ಲೆಡೆ ಹರಡಿದವು. ಶ್ರೀಮಂತರು ಮೊದಲು, ಮಧ್ಯಮ ವರ್ಗದವರು ನಂತರ ಬಿಳಿಯನ್ನು ಅನುಕರಿಸಿದರು. ಮಿಷನರಿಗಳ, ಬ್ರಿಟಿಷ್ ಆಡಳಿತದ ಮತ್ತು ಛಾಯಾಚಿತ್ರದ ಮೂಲಕ ಅದು ಭಾರತಕ್ಕೂ ಬಂದಿತು.

ಇಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಒಂದು ಸಂಗತಿಯಿದೆ. ರಾಣಿ ಆ ಲೇಸನ್ನು ಒಂದೇ ದಿನಕ್ಕೆ ಮುಗಿಸಲಿಲ್ಲ. ಮುಂದೆ ತನ್ನ ಕುಟುಂಬದ ಸಮಾರಂಭಗಳಲ್ಲಿ ಅದನ್ನು ಮತ್ತೆ ಮತ್ತೆ ತೊಟ್ಟಳು. ನಾವು ಆಕೆಯಿಂದ ಬಣ್ಣವನ್ನು ಕಲಿತೆವು. ನೇಯುವವರಿಗೆ ಕೆಲಸ ಕೊಡುವುದನ್ನೂ ಉಟ್ಟದ್ದನ್ನೇ ಮರಳಿ ಉಡುವುದನ್ನೂ ಕಲಿಯಲಿಲ್ಲ.

ಧರ್ಮಸಭೆ ಕೇಳಿದ್ದೇನು?

1563ರ ನವೆಂಬರಿನಲ್ಲಿ ಟ್ರೆಂಟ್ ಮಹಾಸಭೆಯು ವಿವಾಹ ಸಂಸ್ಕಾರದ ಬಗ್ಗೆ ಸ್ಪಷ್ಟವಾದ ನಿಯಮಗಳನ್ನು ರೂಪಿಸಿತು. ವಧೂವರರು ಗುರುಗಳ ಹಾಗೂ ಕನಿಷ್ಠ ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ಒಪ್ಪಿಗೆ ನೀಡಬೇಕು ಎಂಬುದು ಅದರ ಸಾರ. ಆ ಆದೇಶದಲ್ಲಿ ಉಡುಪಿನ ಬಣ್ಣದ ಮಾತಿಲ್ಲ. ನಾಲ್ಕು ಶತಮಾನಗಳ ನಂತರ, 1963ರ ಡಿಸೆಂಬರಿನಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯನ್ನು ಕುರಿತ ತನ್ನ ಶಾಸನದಲ್ಲಿ, ವಿವಾಹಕ್ಕೆ ಸಂಬಂಧಿಸಿದ ಆಯಾ ನಾಡಿನ ಒಳ್ಳೆಯ ಆಚಾರಗಳನ್ನು ಉಳಿಸಿಕೊಳ್ಳಬೇಕೆಂದು ಆಶಿಸಿತು. ಆದುದರಿಂದ ಸೀರೆಯುಟ್ಟ ವಧು ಗೌನು ತೊಟ್ಟ ವಧುವಿಗಿಂತ ಯಾವ ರೀತಿಯಲ್ಲೂ ಕಡಿಮೆಯವಳಲ್ಲ.

ಅದೇ ಟ್ರೆಂಟ್ ಮಹಾಸಭೆಯ ಇನ್ನೊಂದು ನಿಯಮ ನಮ್ಮ ವಿಷಯಕ್ಕೆ ಹತ್ತಿರವಾದುದು. ಆಗಮನ ಕಾಲದಿಂದ ಮೂರು ರಾಯರ ಹಬ್ಬದವರೆಗೆ ಮತ್ತು ಬೂದಿ ಬುಧವಾರದಿಂದ ಪಾಸ್ಖದ ಎಂಟನೆಯ ದಿನದವರೆಗೆ ವೈಭವದ ಮದುವೆಗಳನ್ನು ಅದು ನಿಷೇಧಿಸಿತು. ಇದರ ಫಲವಾಗಿ ಮದುವೆಗಳು ಪಾಸ್ಖದ ನಂತರದ ವಾರಗಳಲ್ಲಿ, ಎಂದರೆ ವಸಂತದಲ್ಲಿ ಒಟ್ಟುಗೂಡಿದವು. ಮಲೆನಾಡಿನಲ್ಲಿಯೂ ಇದು ಹೊಂದಿಬಂದಿತು. ಅಡಿಕೆ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ, ಮಳೆಗಾಲ ಇನ್ನೂ ಹಿಡಿಯದ ಹೊತ್ತು ಅದು.

ಹಬ್ಬದ ಮೆರವಣಿಗೆ

ವಸಂತಕ್ಕೂ ಹೊಸ ಬಟ್ಟೆಗೂ ಇರುವ ನಂಟನ್ನು ಬಟ್ಟೆ ಅಂಗಡಿಗಳು ಹುಟ್ಟುಹಾಕಲಿಲ್ಲ. ತಪಸ್ಸುಕಾಲದ ಸರಳತೆಯ ನಂತರ ಪುನರುತ್ಥಾನ ಹಬ್ಬಕ್ಕೆ ಹೊಸ ಬಟ್ಟೆ ತೊಡುವುದು ಕ್ರೈಸ್ತ ನಾಡುಗಳ ಹಳೆಯ ವಾಡಿಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನ್ಯೂಯಾರ್ಕ್ ನಗರದ ಫಿಫ್ತ್ ಅವೆನ್ಯೂ ಎಂಬ ಬೀದಿಯಲ್ಲಿ ಈ ವಾಡಿಕೆ ಹೊಸ ರೂಪ ತಾಳಿತು. ಅಲ್ಲಿನ ದೇವಾಲಯಗಳನ್ನು ಪಾಸ್ಖದಂದು ಹೂಗಳಿಂದ ಅಲಂಕರಿಸುತ್ತಿದ್ದರು. ಪೂಜೆ ಮುಗಿಸಿದ ಜನ ಒಂದು ದೇವಾಲಯದಿಂದ ಇನ್ನೊಂದಕ್ಕೆ ಹೂ ನೋಡಲು ನಡೆದು ಹೋಗುತ್ತಿದ್ದರು. ಬರಬರುತ್ತಾ ಹೂ ನೋಡಲು ಹೊರಟವರನ್ನು ನೋಡಲೆಂದೇ ಜನ ಬೀದಿಯ ಎರಡೂ ಬದಿಗಳಲ್ಲಿ ನಿಲ್ಲತೊಡಗಿದರು. ಅವರಲ್ಲಿ ಬಟ್ಟೆ ಹೊಲಿಯುವವರೂ ಟೋಪಿ ಮಾಡುವವರೂ ಇದ್ದರು. ಇಂದು ‘ಸ್ಟ್ರೀಟ್ ಸ್ಟೈಲ್’ ಎಂದು ಕರೆಯಲಾಗುವ ಬೀದಿಯ ಶೈಲಿಗೆ ಇದೂ ಒಂದು ತೊಟ್ಟಿಲು. ಅದರ ಆರಂಭದಲ್ಲಿ ದೇವಾಲಯದ ಬಾಗಿಲಿದೆ ಎಂಬುದು ಕುತೂಹಲದ ಸಂಗತಿ.

ಅದೇ ನಗರದಲ್ಲಿ ಬಿಲ್ ಕನಿಂಗ್‌ಹ್ಯಾಮ್ ಎಂಬ ಪತ್ರಿಕಾ ಛಾಯಾಗ್ರಾಹಕ 1978ರಿಂದ 2016ರಲ್ಲಿ ಸಾಯುವವರೆಗೂ ಬೀದಿಬೀದಿಗಳಲ್ಲಿ ಸೈಕಲ್ ತುಳಿಯುತ್ತಾ ಸಾಮಾನ್ಯ ಜನರ ಉಡುಪನ್ನು ಸೆರೆಹಿಡಿದನು. ಅವನು ತೊಡುತ್ತಿದ್ದುದು ಪ್ಯಾರಿಸ್ಸಿನ ಬೀದಿ ಗುಡಿಸುವ ಕೆಲಸಗಾರರ ನೀಲಿ ಹತ್ತಿಯ ಅಂಗಿ. ಶ್ರೀಮಂತರ ಕೂಟದಲ್ಲಿಯೂ ಅದೇ ಅಂಗಿ. ಉಡುಪಿನ ಹೊಸತನ ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯುವುದಿಲ್ಲ, ಬೀದಿಯಿಂದ ಮೇಲಕ್ಕೂ ಏರುತ್ತದೆ ಎಂಬುದನ್ನು ಅವನ ಚಿತ್ರಗಳು ಸಾರಿದವು. ಗಣಿ ಮತ್ತು ಹೊಲಗಳ ಕೆಲಸಕ್ಕೆ ಬಳಸುತ್ತಿದ್ದ ಜೀನ್ಸ್ ಬಟ್ಟೆಯ ಕೋಟನ್ನು ಇಂದು ಗೌನಿನ ಮೇಲೆ ತೊಡುವ ವಧುಗಳಿದ್ದಾರೆ; ಆಟದ ಬೂಟಿನಲ್ಲಿ ಪೀಠದತ್ತ ನಡೆಯುವವರೂ ಇದ್ದಾರೆ. ನಮ್ಮ ಪರಿಚಿತರ ಮಗಳ ಕ್ಯಾನ್ವಾಸ್ ಬೂಟು ಬಂದದ್ದು ಈ ಹಾದಿಯಿಂದಲೇ.

ಸಾಗರದವರಿಗೆ ಇದು ಹೊಸತಲ್ಲ. ಮೂರು ವರ್ಷಗಳಿಗೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಸುತ್ತಲಿನ ಎಲ್ಲ ಜಾತಿ, ಮತಗಳ ಜನ ಪೇಟೆಗೆ ಬರುತ್ತಾರೆ. ಯಾರು ಯಾವ ಅಂಚಿನ ಸೀರೆ ಉಟ್ಟಿದ್ದಾರೆ, ರವಿಕೆಯ ತೋಳು ಎಷ್ಟು ಉದ್ದವಿದೆ ಎಂಬುದನ್ನು ಹೆಣ್ಣುಮಕ್ಕಳು ಅಲ್ಲಿ ನೋಡಿಕೊಂಡು ಹೋಗಿ ಮುಂದಿನ ಮದುವೆಗೆ ಹೊಲಿಸುತ್ತಾರೆ.

ಸೀರೆಯೂ ನಡೆದು ಬಂದದ್ದು

ಹಾಗಾದರೆ ಗೌನು ಪರದೇಶದ್ದು, ಸೀರೆಯೊಂದೇ ನಮ್ಮ ಅಚ್ಚಳಿಯದ ಸಂಪ್ರದಾಯ ಎನ್ನೋಣವೇ? ಅದೂ ಅಷ್ಟು ಸುಲಭವಲ್ಲ.

ಮಲೆನಾಡಿನ ಹೆಂಗಸರು ಹಿಂದೆ ಹದಿನೆಂಟು ಮೊಳದ ಸೀರೆಯನ್ನು ಸೊಂಟಕ್ಕೆ ಮೂರು ನಾಲ್ಕು ಸುತ್ತು ಸುತ್ತಿ, ಹೆಗಲ ಮೇಲೆ ತಂದು ಗಂಟು ಹಾಕಿ ಉಡುತ್ತಿದ್ದರು. ಇದಕ್ಕೆ ಗೊಬ್ಬೆ ಸೀರೆ ಎಂದು ಹೆಸರು. ಸೆರಗು ಜಾರದು, ನಾಟಿಗೂ ಸೊಪ್ಪಿನ ಹೊರೆಗೂ ಎರಡು ಕೈಗಳೂ ಬಿಡುವಾಗಿರುತ್ತಿದ್ದವು. ಅದು ದುಡಿಮೆಯ ಉಡುಗೆ. ಮದುವೆಗೆ ಉಡುವಾಗ ಬಟ್ಟೆ ಮಾತ್ರ ಬೇರೆ, ಉಡುವ ಕ್ರಮ ಅದೇ.

ಈಗ ನಾವೆಲ್ಲರೂ ‘ಸಾಂಪ್ರದಾಯಿಕ’ ಎನ್ನುವ ಕ್ರಮ, ಮುಂದೆ ನೆರಿಗೆ ಹಿಡಿದು ಸೆರಗನ್ನು ಎಡ ಹೆಗಲಿಗೆ ಏರಿಸಿ ರವಿಕೆ ಲಂಗಗಳೊಡನೆ ಉಡುವುದು, ನಾಡಿನಾದ್ಯಂತ ವ್ಯಾಪಿಸಿದ್ದು ಕಳೆದ ನೂರೈವತ್ತು ವರ್ಷಗಳಲ್ಲಿ. ಅದರ ಹಿಂದೆ ಜ್ಞಾನದಾನಂದಿನಿ ದೇವಿಯವರ ಹೆಸರಿದೆ. ಅವರು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರ ಪತ್ನಿ. ಬಂಗಾಳದಲ್ಲಿ ಅಂತಃಪುರದ ಹೆಂಗಸರು ಉಡುತ್ತಿದ್ದ ಒಂಟಿ ಬಟ್ಟೆಯಲ್ಲಿ ಮನೆಯಿಂದ ಹೊರಗೆ ಕಾಲಿಡಲು ಸಾಧ್ಯವಿರಲಿಲ್ಲ. 1864ರಲ್ಲಿ ಪತಿಯೊಡನೆ ಮುಂಬಯಿಗೆ ಬಂದ ಅವರು ಪಾರ್ಸಿ ಮಹಿಳೆಯರು ಸೀರೆಯುಡುವ ರೀತಿಯನ್ನು ಕಂಡು, ಅದನ್ನು ತಮಗೆ ಹೊಂದಿಸಿಕೊಂಡು, ಇತರ ಹೆಂಗಸರಿಗೂ ಕಲಿಸಿದರು. ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ತಮ್ಮ ರವೀಂದ್ರನಾಥರು ಅಲ್ಲಿಗೆ ಬಂದು ತಂಗಿದ್ದು ಎಲ್ಲರಿಗೂ ತಿಳಿದ ವಿಷಯ. ಅಂದರೆ ಇಂದಿನ ಮದುವೆಯ ಸೀರೆಯ ಉಡಿಗೆ ಹುಟ್ಟಿದ್ದೇ ಹೆಣ್ಣು ಬೀದಿಗೆ ಇಳಿಯಬೇಕಾದ ಅಗತ್ಯದಿಂದ. 1894ರಲ್ಲಿ ರಾಜಾ ರವಿವರ್ಮರು ಮುಂಬಯಿಯಲ್ಲಿ ಮುದ್ರಣಾಲಯ ಸ್ಥಾಪಿಸಿದ ನಂತರ ಅಚ್ಚಿನ ಚಿತ್ರಗಳಲ್ಲಿ ಸೀರೆಯುಟ್ಟ ದೇವಿಯರು ಮನೆಮನೆಯ ಗೋಡೆಗೆ ಬಂದರು. ಆಮೇಲೆ ಕ್ಯಾಲೆಂಡರು, ಸಿನಿಮಾ ಬಂದವು.

ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಹೆಣ್ಣುಮಕ್ಕಳ ಹಳೆಯ ಉಡುಗೆ ಕಿರ್ಗಿ ಮತ್ತು ಬಾಜು. ಮದುವೆಯ ಕೆಂಪು ಸೀರೆಗೆ ‘ಸಾಡೊ’ ಎಂದು ಹೆಸರು; ಸಾಮಾನ್ಯವಾಗಿ ಅದು ಬನಾರಸ್ ಸೀರೆ. ಬನಾರಸ್ಸಿನ ನೇಕಾರರಲ್ಲಿ ಬಹುಪಾಲು ಮುಸಲ್ಮಾನರು. ಗಂಗೆಯ ದಡದ ಮುಸಲ್ಮಾನ ನೇಕಾರನ ಕೈಯಿಂದ ಬಂದ ಸೀರೆ ಅರಬ್ಬಿ ಸಮುದ್ರದ ದಡದ ಕ್ರೈಸ್ತ ವಧುವಿನ ಮೈಮೇಲೆ ‘ನಮ್ಮ ಸಂಪ್ರದಾಯ’ವಾಯಿತು. ಕಾಫಿ ತೋಟಗಳಿಗೆಂದು, ಜೋಗದ ವಿದ್ಯುತ್ ಯೋಜನೆಗೆಂದು, ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆಂದು ಘಟ್ಟ ಹತ್ತಿ ಬಂದ ಕುಟುಂಬಗಳು ತಂತಮ್ಮ ಉಡುಗೆಯನ್ನೂ ಟ್ರಂಕಿನಲ್ಲಿ ತಂದವು. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ ರೂಪುಗೊಂಡಾಗ ಅದರ ಮಡಿಲಿನಲ್ಲಿ ಕೊಂಕಣಿ, ತಮಿಳು, ಮಲಯಾಳ, ಕನ್ನಡ ಮಾತನಾಡುವ ಮನೆಗಳಿದ್ದವು. ಅವರೆಲ್ಲರಿಗೂ ಸಮಾನವಾಗಿ ಒದಗಿದ್ದು ಬಿಳಿಯ ಗೌನು. ಕೂಲಿಯ ಮನೆಯ ಮಗಳೂ ಸಾಹುಕಾರರ ಮನೆಯ ಮಗಳೂ ಆ ಒಂದು ದಿನ ಒಂದೇ ರೀತಿ ಕಾಣಿಸುತ್ತಿದ್ದರು. ಆ ತಾಯಿ ತನ್ನ ಗೌನನ್ನು ಎದೆಗವಚಿಕೊಂಡದ್ದರಲ್ಲಿ ಬರಿಯ ಮೋಹವಿರಲಿಲ್ಲ. ತಮ್ಮ ಕುಟುಂಬಕ್ಕೆ ದೊರೆತ ಗೌರವದ ನೆನಪಿತ್ತು. ಅದನ್ನು ಲಘುವಾಗಿ ಕಾಣುವುದು ಸರಿಯಲ್ಲ.

ಚೊಗರಿನ ಕಲೆ

ಈಗ ಮಗಳ ಸೀರೆಗೆ ಬರೋಣ. ಹಸಿ ಅಡಿಕೆಯನ್ನು ಸುಲಿದು ಬೇಯಿಸಿದಾಗ ಉಳಿಯುವ ಗಟ್ಟಿಯಾದ ಕೆಂಪು ರಸವೇ ಚೊಗರು. ಅದು ಬಟ್ಟೆಗೆ ತಗುಲಿದರೆ ಹೋಗುವುದಿಲ್ಲ. ಅಡಿಕೆ ಸುಲಿಯುವ ಹೆಂಗಸರ ಸೀರೆ, ಬೆರಳು, ಉಗುರುಗಳಲ್ಲಿ ಆ ಕಲೆಯನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಕೂಲಿಯ ಗುರುತಾಗಿತ್ತು. 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿ ‘ಚರಕ’ ಎಂಬ ಮಹಿಳೆಯರ ಸಹಕಾರಿ ಸಂಸ್ಥೆ ಆರಂಭವಾಯಿತು. ಹಳ್ಳಿಯ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯ್ದ ಹತ್ತಿ ಬಟ್ಟೆಗೆ ಚೊಗರು, ದಾಳಿಂಬೆ ಸಿಪ್ಪೆ, ನೀಲಿ ಮುಂತಾದ ಸಸ್ಯಮೂಲದ ಬಣ್ಣ ಕಟ್ಟಿದರು. ‘ದೇಸಿ’ ಎಂಬ ಹೆಸರಿನ ಮಳಿಗೆಗಳ ಮೂಲಕ ಆ ಬಟ್ಟೆ ನಗರಗಳಿಗೆ ಹೋಯಿತು. ಮೊದಲು ಅದು ವಿದ್ಯಾರ್ಥಿಗಳ, ರಂಗಭೂಮಿಯವರ ದಿನನಿತ್ಯದ ಜುಬ್ಬಾ, ಕುರ್ತಾ ಆಗಿತ್ತು. ನಿಧಾನವಾಗಿ ಹಬ್ಬಕ್ಕೂ ಮದುವೆಗೂ ಬಂದಿತು. 2020ರಲ್ಲಿ, ಮಾರಾಟವಾಗದೆ ಉಳಿದ ಬಟ್ಟೆ ಮತ್ತು ಕೈಗೆ ಬಾರದ ಹಣದಿಂದ ಆ ಸಂಸ್ಥೆ ತೀವ್ರ ಸಂಕಷ್ಟಕ್ಕೆ ಸಿಲುಕಿದ್ದೂ ನಿಜ. ಮೆಚ್ಚುವವರು ಬಹಳ, ಕೊಳ್ಳುವವರು ಕೆಲವರು ಎಂಬುದು ಕೈಮಗ್ಗದ ಹಳೆಯ ದುಃಖ.

ಇಂಥದೇ ಕಥೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣದ್ದು. ಉತ್ತರ ಕರ್ನಾಟಕದ ಹೊಲ ಸಂತೆಗಳಲ್ಲಿ ಸಾಮಾನ್ಯ ಹೆಂಗಸರು ತೊಡುತ್ತಿದ್ದ ರವಿಕೆಯ ಬಟ್ಟೆ ಅದು. ಬೇಡಿಕೆ ಕುಸಿದು ಮಗ್ಗಗಳು ನಿಂತವು. ಕಳೆದ ಕೆಲವು ವರ್ಷಗಳಲ್ಲಿ ತರುಣಿಯರು ಖಣವನ್ನೇ ಸೀರೆಯಾಗಿ ಉಡತೊಡಗಿದರು. ಈಗ ಅದು ಮದುಮಗಳ ಸೀರೆಯಲ್ಲೂ ಮದುಮಗನ ಕೋಟಿನಲ್ಲೂ ಕಾಣಿಸುತ್ತದೆ. ನಮ್ಮ ಸಾಗರ, ಸೊರಬ, ಹೊಸನಗರದ ದೀವರ ಹೆಂಗಸರು ಮದುವೆ ಮನೆಯ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನಿಂದ, ಪುಂಡಿ ನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊರಟಿದೆ. ಮದುವೆಯ ಗೋಡೆಯಿಂದ ಇಳಿದು ಸೀರೆಯ ಸೆರಗಿನ ಮೇಲೆ, ಬಟ್ಟೆ ಚೀಲದ ಮೇಲೆ ಅದು ಪೇಟೆ ಸುತ್ತುತ್ತಿದೆ. ಬೀದಿಗೂ ಮದುವೆಯ ಚಪ್ಪರಕ್ಕೂ ನಡುವೆ ಗೋಡೆಯಿಲ್ಲ.

ಮೂರು ಪ್ರಶ್ನೆಗಳು

ಹೀಗೆ ನೋಡಿದಾಗ ಆ ಟ್ರಂಕಿನ ಮುಂದಿದ್ದ ಮೂರು ಉಡುಪುಗಳೂ ತಮ್ಮ ತಮ್ಮ ಕಾಲದ ಹೊಸತುಗಳೇ. ಒಂದು ತಲೆಮಾರಿನ ಹೊಸ ಶೈಲಿ ಮುಂದಿನ ತಲೆಮಾರಿಗೆ ಸಂಪ್ರದಾಯವಾಗುತ್ತದೆ. ಆದುದರಿಂದ "ನಮ್ಮ ಸಂಪ್ರದಾಯ ಯಾವುದು?" ಎಂಬ ಪ್ರಶ್ನೆಗೆ ಒಂದೇ ಬಣ್ಣದ ಉತ್ತರವಿಲ್ಲ. ಅದರ ಬದಲು ಬೇರೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಇದನ್ನು ಕೊಳ್ಳಲು ಮನೆ ಸಾಲಕ್ಕೆ ಬೀಳುತ್ತದೆಯೇ? ಇದನ್ನು ಮತ್ತೆ ಉಡಬಹುದೇ, ಇನ್ನೊಬ್ಬಳಿಗೆ ಕೊಡಬಹುದೇ? ಇದನ್ನು ನೇಯ್ದ, ಹೊಲಿದ ಕೈಗೆ ನ್ಯಾಯವಾದ ಕೂಲಿ ದೊರೆತಿದೆಯೇ?

ಯುದ್ಧಕಾಲದ ಇಂಗ್ಲೆಂಡಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೂ ಪಡಿತರವಿತ್ತು. ವಧುಗಳು ಒಬ್ಬರ ಗೌನನ್ನು ಒಬ್ಬರು ಎರವಲು ಪಡೆದರು. ಪ್ಯಾರಾಚೂಟಿನ ರೇಷ್ಮೆಯಿಂದ ಹೊಲಿಸಿಕೊಂಡರು. ಕೆಲಸದ ಸಮವಸ್ತ್ರದಲ್ಲೇ ವಿವಾಹವಾದರು. 1947ರಲ್ಲಿ ಎಲಿಜಬೆತ್ ರಾಜಕುಮಾರಿಯೇ ತನ್ನ ಉಡುಪಿಗಾಗಿ ಕೂಪನ್ನುಗಳನ್ನು ಬಳಸಬೇಕಾಯಿತು. ಆ ಮದುವೆಗಳು ಯಾವುವೂ ಉಡುಪಿನ ಕಾರಣದಿಂದ ಕಡಿಮೆ ಪವಿತ್ರವಾಗಲಿಲ್ಲ.

ಕೆಲವು ದಿನಗಳ ನಂತರ ಇದನ್ನೆಲ್ಲ ಹೇಳಲೆಂದು ಆ ಮನೆಗೆ ಮತ್ತೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ತೀರ್ಮಾನ ಮಾಡಿದ್ದರು. ಚೊಗರು ಬಣ್ಣದ ಸೀರೆಯನ್ನು ಬೆಳಕಿಗೆ ಹಿಡಿದು, "ನಮ್ಮ ಕಾಲದಲ್ಲಿ ಈ ಕಲೆ ಹೋಗಲೆಂದು ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಸೀರೆ ಹರಿಯುತ್ತಿತ್ತು. ಈಗ ಇದಕ್ಕೇ ದುಡ್ಡು ಕೊಡುತ್ತೀರಲ್ಲ!" ಎಂದು ನಕ್ಕರು. ಆಮೇಲೆ ಸೊಸೆಯ ಕಡೆಗೆ ತಿರುಗಿ, "ನಾನು ನನ್ನ ಕೆಂಪು ಸೀರೆಯನ್ನು ನಿನ್ನ ಗಂಡನ ಜ್ಞಾನಸ್ನಾನಕ್ಕೂ ಉಟ್ಟೆ, ನಿನ್ನ ಮದುವೆಗೂ ಉಟ್ಟೆ. ನಿನ್ನ ಗೌನು ಆ ದಿನದ ಮೇಲೆ ಬೆಳಕು ಕಂಡಿಲ್ಲ. ಇವಳು ಇದನ್ನಾದರೂ ಉಟ್ಟು ಹರಿಯಲಿ" ಎಂದರು. ತಾಯಿ ಬಹಳ ಹೊತ್ತು ಸುಮ್ಮನಿದ್ದು, ತಾವೇ ಕತ್ತರಿ ತಂದು ಗೌನಿನ ಲೇಸನ್ನು ಮೆಲ್ಲನೆ ಬಿಡಿಸತೊಡಗಿದರು. ತಲೆಯ ಮುಸುಕಿಗೆ ಅಷ್ಟು ಸಾಕಿತ್ತು. ಬೂಟಿನ ವಿಷಯದಲ್ಲಿ ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ. ಮಗಳೂ ಬಿಡಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಮುಂಗಾರಿಗೆ ಮುಂಚಿನ ಮಳೆ ಸುರಿದು ದೇವಾಲಯದ ಅಂಗಳವೆಲ್ಲ ಕೆಸರಾಗಿತ್ತು. ಹೊಳೆಯುವ ಚಪ್ಪಲಿ ಧರಿಸಿದವರೆಲ್ಲ ಮೆಟ್ಟಿಲ ಬಳಿ ತಡವರಿಸುತ್ತಿದ್ದಾಗ ಮದುವಣಗಿತ್ತಿ ಸೀರೆಯನ್ನು ಚೂರು ಎತ್ತಿ ಹಿಡಿದು ಸರಾಗವಾಗಿ ನಡೆದು ಹೋದಳು. ಸಹಕಾರ ಸಂಘದಲ್ಲಿ ತೆಗೆಯಬೇಕೆಂದಿದ್ದ ಸಾಲವನ್ನು ಆ ತಂದೆ ತೆಗೆಯಲಿಲ್ಲ. ಜನ ಏನೆಂದರು ಎಂದು ನಾನು ಆ ತಾಯಿಯನ್ನು ಕೇಳಿದೆ. "ಊಟ ಚೆನ್ನಾಗಿತ್ತು ಎಂದರು" ಎಂದು ಅವರು ಉತ್ತರಿಸಿದರು.